ಫಾರ್ಮುಲಾ ಸರಿ ಇದೆ, ಉತ್ತರ ಮಾತ್ರ ತಪ್ಪು: ಸ್ಪ್ರೆಡ್‌ಶೀಟ್ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಸ್ಪ್ರೆಡ್‌ಶೀಟ್ ಕಲಿಯಲು ಶುರು ಮಾಡಿದವರಿಂದ ನನಗೆ ಬರುವ ಮೆಸೇಜು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಫಾರ್ಮುಲಾ ಸರಿಯಾಗೇ ಹಾಕಿದ್ದೇನೆ, ಉತ್ತರ ಮಾತ್ರ ತಪ್ಪು ಬರ್ತಿದೆ." ಜೊತೆಗೊಂದು ಫೋಟೋ. ಫೋಟೋದಲ್ಲಿ ಸಾಲು ಸಾಲು ಅಂಕಿಗಳು ನೀಟಾಗಿ ಕಾಣುತ್ತವೆ. ನನಗೆ ಬೇಕಾದ ಒಂದು ಜಾಗ ಮಾತ್ರ ಫೋಟೋದಿಂದ ಆಚೆ ಉಳಿದಿರುತ್ತದೆ. ಶೀಟಿನ ಮೇಲುಗಡೆ ಉದ್ದಕ್ಕೆ ಒಂದು ಬಿಳಿ ಪಟ್ಟಿ ಇರುತ್ತದಲ್ಲ, ಫಾರ್ಮುಲಾ ಬಾರ್, ಅದು.

ಸೆಲ್ಲಿನ ಮುಖದ ಮೇಲೆ ಕಾಣುವುದು ಒಂದು, ಹೊಟ್ಟೆಯೊಳಗೆ ಇರುವುದು ಇನ್ನೊಂದು. ಶುರುವಿನಲ್ಲಿ ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಹಾಗಾಗಿ ಏನೇ ಕೆಟ್ಟರೂ ಮೊದಲ ಕೆಲಸ ಒಂದೇ: ಆ ಸೆಲ್ ಮೇಲೆ ಕ್ಲಿಕ್ ಮಾಡಿ, ಫಾರ್ಮುಲಾ ಬಾರ್ ಓದಿ. ಆಮೇಲೆ ಮಿಕ್ಕಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಫಾರ್ಮುಲಾಗಳನ್ನು, ಸೆಲ್ಲಿನ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ನೀವು ಶೀಟಿನಲ್ಲಿ ಹಾಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಬಿ2 ಅಂದರೆ ಎರಡನೇ ಕಾಲಂ, ಎರಡನೇ ಸಾಲು. ನಾನು ಹೇಳುವುದು ಮುಖ್ಯವಾಗಿ ಎಕ್ಸೆಲ್ ಬಗ್ಗೆ. ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಬಹುಪಾಲು ಹೀಗೇ ಇರುತ್ತದೆ. ಬೇರೆ ಇರುವ ಕಡೆ ಹೇಳುತ್ತೇನೆ.

ಟೋಟಲ್ ಸೊನ್ನೆ ಬರುತ್ತಿದೆ, ಇಲ್ಲವೇ ಕಡಿಮೆ ಬರುತ್ತಿದೆ

ಇದು ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು. ಬಿ2ರಿಂದ ಬಿ7ರವರೆಗೆ ಆರು ಅಂಕಿ ಇವೆ. ಕೆಳಗೆ =ಸಮ್(ಬಿ2:ಬಿ7) ಅಂತ ಹಾಕಿದ್ದೀರಿ. ಉತ್ತರ 0. ಅಂಕಿಗಳು ಕಣ್ಣೆದುರೇ ಇವೆ, ಆದರೂ ಸೊನ್ನೆ!

ಆ ಆರು ಸೆಲ್‌ಗಳನ್ನು ಮೌಸಿನಿಂದ ಎಳೆದು ಸೆಲೆಕ್ಟ್ ಮಾಡಿ. ಎಕ್ಸೆಲ್ ಕಿಟಕಿಯ ತಳದಲ್ಲಿ, ಬಲಗಡೆ ನೋಡಿ. ಸರಿಯಾದ ಅಂಕಿಗಳಾಗಿದ್ದರೆ ಅಲ್ಲಿ ಸರಾಸರಿ, ಎಣಿಕೆ, ಮೊತ್ತ ಮೂರೂ ಕಾಣುತ್ತವೆ. ಬರೀ ಎಣಿಕೆ ಮಾತ್ರ ಕಾಣುತ್ತಿದೆಯಾ? ಹಾಗಾದರೆ ಆ ಸೆಲ್‌ಗಳಲ್ಲಿ ಇರುವುದು ಅಂಕಿಯ ವೇಷ ಹಾಕಿದ ಪಠ್ಯ. ನಮಗೆ 250 ಅಂತ ಕಾಣುತ್ತದೆ, ಪ್ರೋಗ್ರಾಂ ಅದನ್ನು ಯಾರದ್ದೋ ಹೆಸರನ್ನು ನೋಡುವ ಹಾಗೆ ನೋಡುತ್ತದೆ. ಹೆಸರುಗಳನ್ನು ಕೂಡಿಸಲು ಆಗುವುದಿಲ್ಲ, ಅದಕ್ಕೇ ಸಮ್ ಅದನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ದೂರು ಕೂಡ ಹೇಳುವುದಿಲ್ಲ. ತಪ್ಪು ತೋರಿಸಿ ಕೂಗಾಡುವ ಫಾರ್ಮುಲಾಗಿಂತ ಹೀಗೆ ತೆಪ್ಪಗೆ ಇರುವುದೇ ಅಪಾಯ, ಯಾಕೆಂದರೆ ಆರರಲ್ಲಿ ಒಂದೇ ಒಂದು ಪಠ್ಯವಾಗಿದ್ದರೆ ಟೋಟಲ್ ಸೊನ್ನೆ ಬರುವುದಿಲ್ಲ. ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೇ. ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೂ ಒಂದು ಮೋಜು ನೋಡಿ. ಅದೇ ಎಕ್ಸೆಲ್‌ನಲ್ಲಿ =ಬಿ2+ಬಿ3 ಅಂತ ಹಾಕಿದರೆ ಸರಿಯಾದ ಉತ್ತರವೇ ಬರಬಹುದು. ಕೂಡುವ ಚಿಹ್ನೆ ಇದ್ದಾಗ ಎಕ್ಸೆಲ್ ಪಠ್ಯವನ್ನು ಅಂಕಿಯಾಗಿ ಓದಲು ಪ್ರಯತ್ನ ಮಾಡುತ್ತದೆ, ಸಮ್ ಮಾಡುವುದಿಲ್ಲ. ಪ್ಲಸ್ ಹಾಕಿದರೆ ಒಂದು ಉತ್ತರ, ಸಮ್ ಹಾಕಿದರೆ ಇನ್ನೊಂದು ಉತ್ತರ ಬಂತು ಅಂದರೆ ರೋಗ ಪತ್ತೆಯಾಯಿತು ಅಂತಲೇ ಲೆಕ್ಕ.

ಸುಳಿವುಗಳು ಇನ್ನೂ ಇವೆ. ನೀವು ಅಲೈನ್‌ಮೆಂಟ್ ಮುಟ್ಟಿಲ್ಲ ಅಂದರೆ ಅಂಕಿ ಸೆಲ್ಲಿನ ಬಲಕ್ಕೆ ಅಂಟಿಕೊಳ್ಳುತ್ತದೆ, ಪಠ್ಯ ಎಡಕ್ಕೆ. ಅಂದಕ್ಕೆ ಅಂತ ಎಲ್ಲವನ್ನೂ ನಡುವಿಗೆ ತಂದುಬಿಟ್ಟರೆ ಈ ಸುಳಿವು ಹೋಯಿತು. ನಾನಂತೂ ಕಲಿಯುವವರಿಗೆ ಅಂಕಿಯ ಕಾಲಂ ಅನ್ನು ಸೆಂಟರ್ ಮಾಡಲೇಬೇಡಿ ಅನ್ನುತ್ತೇನೆ. ಸೆಲ್ಲಿನ ಎಡ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಇದ್ದರೂ ಅನುಮಾನ ಪಡಿ. ಕ್ಯಾಲ್ಕ್ ಬಳಸುವವರಿಗೆ ಇನ್ನೂ ಸುಲಭ: ಕಂಟ್ರೋಲ್ ಮತ್ತು ಎಫ್8 ಒತ್ತಿದರೆ ಅಂಕಿ ನೀಲಿ, ಪಠ್ಯ ಕಪ್ಪು, ಫಾರ್ಮುಲಾ ಹಸಿರು ಬಣ್ಣಕ್ಕೆ ತಿರುಗುತ್ತವೆ. ಎಕ್ಸೆಲ್‌ನಲ್ಲೂ ಇದು ಇರಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಖಚಿತ ಮಾಡಿಕೊಳ್ಳಲು ಪಕ್ಕದ ಖಾಲಿ ಕಾಲಂನಲ್ಲಿ =ಈಸ್‌ನಂಬರ್(ಬಿ2) ಅಂತ ಹಾಕಿ ಕೆಳಗೆ ಎಳೆಯಿರಿ. ಟ್ರೂ ಬಂದರೆ ಅಂಕಿ, ಫಾಲ್ಸ್ ಬಂದರೆ ಕಳ್ಳ.

ಸಿಕ್ಕ ಮೇಲೆ ಸರಿ ಮಾಡುವುದು ಹೇಗೆ? ಹಸಿರು ತ್ರಿಕೋನ ಇದ್ದರೆ ಸೆಲ್‌ಗಳನ್ನು ಸೆಲೆಕ್ಟ್ ಮಾಡಿ, ಪಕ್ಕದಲ್ಲಿ ಬರುವ ಎಚ್ಚರಿಕೆಯ ಗುರುತು ಒತ್ತಿ, ಅಂಕಿಯಾಗಿ ಬದಲಿಸುವ ಆಯ್ಕೆ ಒತ್ತಿ. ಇಡೀ ಕಾಲಂ ಹೀಗಿದ್ದರೆ ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್ ತೆರೆದು, ಏನನ್ನೂ ಬದಲಿಸದೆ ನೇರವಾಗಿ ಫಿನಿಶ್ ಒತ್ತಿ. ಸಾಮಾನ್ಯವಾಗಿ ಅಷ್ಟಕ್ಕೇ ಆಗಿಹೋಗುತ್ತದೆ. ಇಲ್ಲಿ ಹಲವರು ಎಡವುವ ಕಡೆ ಒಂದಿದೆ. ಫಾರ್ಮ್ಯಾಟ್ ಅನ್ನು ಟೆಕ್ಸ್ಟ್‌ನಿಂದ ನಂಬರ್‌ಗೆ ಬದಲಿಸಿಬಿಟ್ಟರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಒಳಗಿರುವ ಸರಕು ಹಾಗೇ ಇರುತ್ತದೆ. ಪ್ರತಿ ಸೆಲ್ಲಿಗೆ ಹೋಗಿ ಎಫ್2, ಎಂಟರ್ ಒತ್ತಿದರೆ ಮಾತ್ರ ಎಕ್ಸೆಲ್ ಅದನ್ನು ಮತ್ತೆ ಓದುತ್ತದೆ. ಮೂರು ಸೆಲ್ ಇದ್ದರೆ ಹಾಗೆ ಮಾಡಿ, ಮುನ್ನೂರು ಇದ್ದರೆ ಮೇಲಿನ ದಾರಿಯೇ ವಾಸಿ.

ಏನು ಮಾಡಿದರೂ ಬಗ್ಗದಿದ್ದರೆ ಕಣ್ಣಿಗೆ ಕಾಣದ ಸ್ಪೇಸ್ ಇದೆ ಅಂತ ಅರ್ಥ. ಇದನ್ನು ಹತ್ತಿರದಿಂದ ನೋಡೋಣ. ಬಿ4ರಲ್ಲಿ 250 ಅಂತ ಇದೆ. ಮೂರೇ ಅಕ್ಷರ. =ಲೆನ್(ಬಿ4) ಹಾಕಿ. ಉತ್ತರ 4 ಬಂತು. ಆ ನಾಲ್ಕನೆಯದು ಯಾರು? ಮಾಮೂಲಿ ಸ್ಪೇಸ್ ಆಗಿದ್ದರೆ =ಟ್ರಿಮ್(ಬಿ4) ಅದನ್ನು ಕತ್ತರಿಸಿ ಹಾಕುತ್ತದೆ. ಟ್ರಿಮ್ ಮಾಡಿದ ಮೇಲೂ ಲೆನ್ 4 ಅಂತಲೇ ಹೇಳಿದರೆ, ಆ ಅಂಕಿಯನ್ನು ಯಾವುದೋ ವೆಬ್ ಪುಟದಿಂದ ಕಾಪಿ ಮಾಡಿ ತಂದಿರುವ ಸಾಧ್ಯತೆ ಜಾಸ್ತಿ. ವೆಬ್ ಪುಟಗಳಲ್ಲಿ ಸಾಲು ಒಡೆಯದಂತೆ ಹಿಡಿದಿಡುವ ಬೇರೆ ಜಾತಿಯ ಸ್ಪೇಸ್ ಇರುತ್ತದೆ. ಅದರ ನಂಬರ್ 160, ಮಾಮೂಲಿ ಸ್ಪೇಸಿನ ನಂಬರ್ 32. ಟ್ರಿಮ್‌ಗೆ 32 ಮಾತ್ರ ಗೊತ್ತು. ಆಗ =ವ್ಯಾಲ್ಯೂ(ಸಬ್‌ಸ್ಟಿಟ್ಯೂಟ್(ಬಿ4,ಕ್ಯಾರ್(160),"")) ಅಂತ ಹಾಕಬೇಕು. ಒಳಗಿನ ಭಾಗ ಆ ಸ್ಪೇಸನ್ನು ಕಿತ್ತು ಹಾಕುತ್ತದೆ, ಹೊರಗಿನದು ಉಳಿದಿದ್ದನ್ನು ಅಂಕಿ ಮಾಡುತ್ತದೆ.

ಸ್ಪೇಸೂ ಇಲ್ಲ ಅಂತಾದರೆ ಅಕ್ಷರವನ್ನೇ ನೋಡಿ. ಒಮ್ಮೆ ನನ್ನದೇ ಶೀಟಿನಲ್ಲಿ ಟೋಟಲ್ ಸರಿಯಾಗಿ 1250 ಕಡಿಮೆ ಬರುತ್ತಿತ್ತು. ಒಂದು ಸಂಜೆ ಪೂರ್ತಿ ಹುಡುಕಿದೆ. ಫಾರ್ಮುಲಾ ಅಳಿಸಿ ಬರೆದೆ, ಫೈಲ್ ಮುಚ್ಚಿ ತೆರೆದೆ. ಕೊನೆಗೆ ನೋಡಿದರೆ 1250 ಅಂತ ಒಂದೇ ಒಂದು ಎಂಟ್ರಿ ಇದೆ, ಅದರ ಕೊನೆಯ ಸೊನ್ನೆ ಇಂಗ್ಲಿಷಿನ ಓ ಅಕ್ಷರ. ಅಷ್ಟೂ ಹೊತ್ತು ಆ ಸೆಲ್ ಎಡಕ್ಕೆ ಅಂಟಿಕೊಂಡು ಕೂತಿತ್ತು, ನಾನು ನೋಡಿರಲಿಲ್ಲ.

ಅಂಕಿಗಳೆಲ್ಲ ಅಂಕಿಗಳೇ, ಆದರೂ ಟೋಟಲ್ ಹೊಂದುತ್ತಿಲ್ಲ

ಟೋಟಲ್ ಇರುವ ಸೆಲ್ಲಿಗೆ ಹೋಗಿ ಎಫ್2 ಒತ್ತಿ. ಕೂಡಿಸುತ್ತಿರುವ ಸಾಲುಗಳ ಸುತ್ತ ಬಣ್ಣದ ಚೌಕಟ್ಟು ಬೀಳುತ್ತದೆ. ಆ ಚೌಕಟ್ಟು ಕೊನೆಯ ಸಾಲಿನವರೆಗೂ ಬಂದಿದೆಯಾ ನೋಡಿ. ಪಟ್ಟಿಯ ಕೆಳಗೆ ಹೊಸ ಸಾಲುಗಳನ್ನು ಸೇರಿಸಿದಾಗ ಫಾರ್ಮುಲಾ ತಾನಾಗಿಯೇ ಹಿಗ್ಗುತ್ತದೆ ಅಂತ ನಂಬಬೇಡಿ. ಕೆಲವೊಮ್ಮೆ ಹಿಗ್ಗುತ್ತದೆ, ಕೆಲವೊಮ್ಮೆ ಇಲ್ಲ.

ಇದು ಹೊಸಬರ ತಪ್ಪು ಅಂತ ನಾಚಿಕೆ ಪಡಬೇಕಿಲ್ಲ. ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಸರ್ಕಾರಗಳ ಸಾಲದ ಬಗ್ಗೆ ಒಂದು ಪ್ರಬಂಧ ಬರೆದರು. ಅದನ್ನು ಎತ್ತಿಕೊಂಡು ಹಲವು ದೇಶಗಳಲ್ಲಿ ಚರ್ಚೆ ನಡೆಯಿತು. 2013ರಲ್ಲಿ ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಫೈಲ್ ತರಿಸಿಕೊಂಡು ನೋಡಿದಾಗ, ಸರಾಸರಿಯ ಫಾರ್ಮುಲಾ 49ನೇ ಸಾಲಿನ ತನಕ ಹೋಗುವ ಬದಲು 44ನೇ ಸಾಲಿಗೇ ನಿಂತುಬಿಟ್ಟಿತ್ತು. ಐದು ದೇಶಗಳು ಲೆಕ್ಕದಿಂದಲೇ ಹೊರಗೆ. ಆ ಪ್ರಬಂಧದ ಮೇಲೆ ಬೇರೆ ಆಕ್ಷೇಪಗಳೂ ಇದ್ದವು. ಆದರೆ ಈ ಐದು ಸಾಲು ಸಿಗಲು ಎಫ್2 ಒಂದೇ ಸಾಕಿತ್ತು.

ಚೌಕಟ್ಟು ಸರಿ ಇದೆ ಅಂದರೆ ಫಿಲ್ಟರ್ ನೋಡಿ. ಫಿಲ್ಟರ್ ಹಾಕಿ ಹತ್ತು ಸಾಲು ಮಾತ್ರ ಕಾಣುತ್ತಿದ್ದರೂ ಸಮ್ ಅಡಗಿರುವ ಸಾಲುಗಳನ್ನೂ ಸೇರಿಸಿಯೇ ಕೂಡುತ್ತದೆ. ಎಡಗಡೆ ಸಾಲಿನ ನಂಬರುಗಳು 2, 5, 9 ಅಂತ ಹಾರಿ ಹಾರಿ ಹೋಗುತ್ತಿದ್ದರೆ ಇದೇ ಕಾರಣ. ಕಾಣುವುದನ್ನಷ್ಟೇ ಕೂಡಬೇಕಿದ್ದರೆ =ಸಬ್‌ಟೋಟಲ್(9,ಬಿ2:ಬಿ100) ಬಳಸಿ. ಕೈಯಿಂದ ಹೈಡ್ ಮಾಡಿದ ಸಾಲುಗಳನ್ನೂ ಬಿಡಬೇಕಿದ್ದರೆ 9ರ ಬದಲು 109.

ಇವೆರಡೂ ಅಲ್ಲದಿದ್ದರೆ ತಪ್ಪು ನಿಮ್ಮ ಟೈಪಿಂಗಿನದು. ಇಲ್ಲಿ ಲೆಕ್ಕ ಬರೆಯುವವರ ಹಳೆಯ ಉಪಾಯ ಒಂದಿದೆ. ಇರಬೇಕಾದ ಮೊತ್ತ ಮತ್ತು ಬಂದಿರುವ ಮೊತ್ತದ ವ್ಯತ್ಯಾಸ ತೆಗೆಯಿರಿ. ಅದನ್ನು 9ರಿಂದ ಭಾಗಿಸಿದರೆ ಶೇಷ ಉಳಿಯಲಿಲ್ಲವಾ? ಎಲ್ಲೋ ಎರಡು ಅಂಕಿಗಳು ಅದಲು ಬದಲಾಗಿರಬಹುದು. 540 ಹೋಗಿ 450 ಆಗಿದ್ದರೆ ವ್ಯತ್ಯಾಸ 90. 72 ಹೋಗಿ 27 ಆಗಿದ್ದರೆ 45. ಎರಡೂ 9ರ ಮಗ್ಗಿಯಲ್ಲೇ ಬರುತ್ತವೆ. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಎಂಟ್ರಿ ಪಟ್ಟಿಯಲ್ಲಿದ್ದರೆ, ಅಲ್ಲಿ ಮೈನಸ್ ಬಿಟ್ಟುಹೋಗಿದೆಯಾ ನೋಡಿ. ಯಾವುದೂ ಹೊಂದದಿದ್ದರೆ ಪಟ್ಟಿಯನ್ನು ಅರ್ಧ ಮಾಡಿ, ಒಂದೊಂದು ಅರ್ಧವನ್ನು ಬೇರೆ ಬೇರೆ ಕೂಡಿಸಿ, ತಪ್ಪಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ಸಾಲಿನ ಪಟ್ಟಿಯಾದರೂ ಹತ್ತು ಸಲಕ್ಕೆ ಆ ಒಂದು ಸಾಲು ಕೈಗೆ ಸಿಗುತ್ತದೆ.

ಇನ್ನು, ಒಂದು ಎರಡರಷ್ಟೇ ವ್ಯತ್ಯಾಸ ಇದ್ದರೆ ಅದು ದಶಮಾಂಶದ ಆಟ. ಒಂದು ಸೆಲ್ಲಿನಲ್ಲಿ 10.4, ಇನ್ನೊಂದರಲ್ಲೂ 10.4 ಹಾಕಿ. ಚುಕ್ಕೆಯ ಮುಂದಿನದು ಕಾಣದಂತೆ ಫಾರ್ಮ್ಯಾಟ್ ಮಾಡಿ. ಈಗ ಶೀಟ್ 10 ಮತ್ತು 10 ಕೂಡಿದರೆ 21 ಅಂತ ತೋರಿಸುತ್ತದೆ. ಒಳಗೆ ಇರುವುದು 20.8, ಮುಖಕ್ಕೆ ಮಾತ್ರ 21. ಪ್ರಿಂಟ್ ತೆಗೆದು ಯಾರ ಕೈಗಾದರೂ ಕೊಟ್ಟರೆ ನಿಮಗೆ ಕೂಡಲು ಬರುವುದಿಲ್ಲ ಅಂದುಕೊಳ್ಳುತ್ತಾರೆ. ಕಾಣುವುದೂ ಇರುವುದೂ ಒಂದೇ ಆಗಬೇಕಿದ್ದರೆ =ರೌಂಡ್(ಬಿ2,0) ಹಾಕಿ ಅಂಕಿಯನ್ನೇ ದುಂಡು ಮಾಡಿ. ಕೆಲವೊಮ್ಮೆ ಸೊನ್ನೆ ಬರಬೇಕಾದ ಕಡೆ ಉದ್ದನೆಯ ವಿಚಿತ್ರ ಅಂಕಿ ಬರುತ್ತದೆ. ಎಕ್ಸೆಲ್‌ನಲ್ಲಿ =1*(0.5-0.4-0.1) ಹಾಕಿ ನೋಡಿ, ಸೊನ್ನೆ ಬರುವುದಿಲ್ಲ. ಕಂಪ್ಯೂಟರ್ ಎಲ್ಲವನ್ನೂ ಎರಡರ ಲೆಕ್ಕದಲ್ಲಿ ಇಡುತ್ತದೆ, 0.1 ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಮೂರನೇ ಒಂದು ಭಾಗವನ್ನು ನಾವು 0.3333 ಅಂತ ಬರೆಯುತ್ತಾ ಹೋಗುತ್ತೇವಲ್ಲ, ಹಾಗೆ. ಇದಕ್ಕೂ ರೌಂಡ್ ಸಾಕು.

ಫಾರ್ಮುಲಾ ಲೆಕ್ಕ ಮಾಡುತ್ತಲೇ ಇಲ್ಲ

ಉತ್ತರದ ಬದಲು =ಸಮ್(ಬಿ2:ಬಿ7) ಅಂತ ಫಾರ್ಮುಲಾವೇ ಸೆಲ್ಲಿನಲ್ಲಿ ಕೂತಿದೆ. ಒಂದೇ ಸೆಲ್ಲಿನಲ್ಲಿ ಹೀಗಾಗಿದ್ದರೆ ಆ ಸೆಲ್ಲಿನ ಫಾರ್ಮ್ಯಾಟ್ ಟೆಕ್ಸ್ಟ್ ಆಗಿದೆ, ಅಥವಾ ಸಮಚಿಹ್ನೆಯ ಮೊದಲು ಒಂದು ಸ್ಪೇಸ್ ಇಲ್ಲವೇ ಒಂಟಿ ಕೋಟ್ ಇದೆ. ಆ ಸ್ಪೇಸ್ ಅಥವಾ ಕೋಟ್ ಇದ್ದರೆ ಅಳಿಸಿ, ಫಾರ್ಮ್ಯಾಟನ್ನು ಜನರಲ್ ಮಾಡಿ, ಎಫ್2, ಎಂಟರ್. ಇಡೀ ಶೀಟೇ ಹೀಗಾಗಿದ್ದರೆ ನೀವು ಗೊತ್ತಿಲ್ಲದೆ ಕಂಟ್ರೋಲ್ ಜೊತೆಗೆ 1ರ ಎಡಗಡೆ ಇರುವ ಕೀಲಿ ಒತ್ತಿದ್ದೀರಿ. ಮತ್ತೊಮ್ಮೆ ಅದನ್ನೇ ಒತ್ತಿ, ಸರಿಹೋಗುತ್ತದೆ. ಅಂದಹಾಗೆ ಇದು ತಪ್ಪು ಹುಡುಕಲು ಒಳ್ಳೆಯ ಸಾಧನ. ಒಂದೇ ಥರದ ಐವತ್ತು ಫಾರ್ಮುಲಾಗಳ ನಡುವೆ ಯಾರೋ ಕೈಯಿಂದ ಟೈಪ್ ಮಾಡಿದ ಒಂದು ಬರಿಯ ಅಂಕಿ ಇದ್ದರೆ ಈ ನೋಟದಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ಬಗೆ: ಉತ್ತರ ಇದೆ, ಆದರೆ ಅಂಕಿ ಬದಲಿಸಿದರೂ ಅದು ಬದಲಾಗುವುದಿಲ್ಲ. ಎಫ್9 ಒತ್ತಿ. ತಕ್ಷಣ ಬದಲಾಯಿತಾ? ಹಾಗಾದರೆ ಲೆಕ್ಕ ಮಾಡುವ ವಿಧಾನ ಮ್ಯಾನ್ಯುಯಲ್ ಆಗಿದೆ. ಫಾರ್ಮುಲಾಸ್ ಮೆನುವಿನಲ್ಲಿ ಕ್ಯಾಲ್ಕುಲೇಶನ್ ಆಪ್ಷನ್ಸ್‌ಗೆ ಹೋಗಿ ಆಟೋಮ್ಯಾಟಿಕ್ ಮಾಡಿ. "ನಾನು ಅದನ್ನು ಮುಟ್ಟೇ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಅವರು ಹೇಳುವುದು ನಿಜ. ಎಕ್ಸೆಲ್ ಶುರು ಮಾಡಿದಾಗ ಮೊದಲು ತೆರೆದ ಫೈಲ್ ಯಾವ ವಿಧಾನದಲ್ಲಿ ಸೇವ್ ಆಗಿರುತ್ತದೋ, ಆಮೇಲೆ ತೆರೆಯುವ ಫೈಲುಗಳಿಗೂ ಅದೇ ಅಂಟುತ್ತದೆ. ಯಾರೋ ಕಳಿಸಿದ ಫೈಲಿನಿಂದ ನೆಗಡಿ ಹತ್ತಿದ ಹಾಗೆ.

ಟೋಟಲ್ ಸೆಲ್ ತನ್ನನ್ನೇ ಸೇರಿಸಿಕೊಂಡು ಕೂಡುತ್ತಿದ್ದರೆ, ಉದಾಹರಣೆಗೆ ಬಿ8ರಲ್ಲೇ =ಸಮ್(ಬಿ2:ಬಿ8) ಇದ್ದರೆ, ಎಕ್ಸೆಲ್ ಒಂದು ಎಚ್ಚರಿಕೆ ಕೊಟ್ಟು ಸೊನ್ನೆ ತೋರಿಸುತ್ತದೆ. ಎಚ್ಚರಿಕೆ ಓದದೆ ಓಕೆ ಒತ್ತುವುದು ನಮ್ಮೆಲ್ಲರ ಅಭ್ಯಾಸ, ಅಲ್ವಾ? ಕ್ಯಾಲ್ಕ್ ಇದಕ್ಕೆ 522 ಎಂಬ ದೋಷದ ನಂಬರ್ ತೋರಿಸುತ್ತದೆ. ಬಿ8ನ್ನು ಬಿ7 ಮಾಡಿ, ಮುಗಿಯಿತು.

ಮೊದಲ ಸಾಲು ಸರಿ, ಕೆಳಗೆ ಎಳೆದರೆ ತಪ್ಪು

ಸಿ ಕಾಲಂನಲ್ಲಿ ಮೊತ್ತಗಳಿವೆ. ಇ1ರಲ್ಲಿ ರಿಯಾಯಿತಿಯ ದರ 10% ಇದೆ. ಡಿ2ರಲ್ಲಿ =ಸಿ2*ಇ1 ಹಾಕಿದಿರಿ, ಸರಿಯಾಗಿ ಬಂತು. ಖುಷಿಯಿಂದ ಕೆಳಗೆ ಎಳೆದಿರಿ. ಉಳಿದದ್ದೆಲ್ಲ ಸೊನ್ನೆ.

ಡಿ3ರ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಬಾರ್ ನೋಡಿ. =ಸಿ3*ಇ2 ಅಂತ ಇರುತ್ತದೆ. ನೀವು ಒಂದು ಸಾಲು ಇಳಿದಿರಿ, ಸಿ2 ಸಿ3 ಆಯಿತು, ಅದು ಬೇಕಿತ್ತು. ಅದರ ಜೊತೆಗೆ ಇ1 ಕೂಡ ಇಳಿದು ಇ2 ಆಯಿತು. ಅಲ್ಲಿ ಏನೂ ಇಲ್ಲ. ಪ್ರೋಗ್ರಾಂ ನೋಡುವುದು ವಿಳಾಸವನ್ನಲ್ಲ, ದಾರಿಯನ್ನು: ಎಡಗಡೆಯ ಸೆಲ್, ಬಲಗಡೆ ಒಂದು ಮೇಲೆ ಒಂದು, ಹೀಗೆ. ದರದ ಸೆಲ್ಲನ್ನು ಗೂಟಕ್ಕೆ ಕಟ್ಟಲು ಡಾಲರ್ ಚಿಹ್ನೆ ಬೇಕು: =ಸಿ2*$ಇ$1. ಕಾಲಂ ಅಕ್ಷರದ ಹಿಂದಿನ ಡಾಲರ್ ಕಾಲಂ ಅನ್ನು ಕಟ್ಟುತ್ತದೆ, ಸಾಲಿನ ನಂಬರಿನ ಹಿಂದಿನದು ಸಾಲನ್ನು. ಕೈಯಿಂದ ಟೈಪ್ ಮಾಡಬೇಕಿಲ್ಲ, ಫಾರ್ಮುಲಾ ಬರೆಯುವಾಗ ಇ1ರ ಮೇಲೆ ಕರ್ಸರ್ ಇಟ್ಟು ಎಫ್4 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕು. ಈ ಡಾಲರಿಗೂ ಹಣಕ್ಕೂ ಸಂಬಂಧ ಇಲ್ಲ.

ಹ್ಯಾಶ್ ಚಿಹ್ನೆಯ ದೋಷಗಳು

ಸೆಲ್ ತುಂಬ ##### ಇದ್ದರೆ ಹೆದರಬೇಡಿ, ಕಾಲಂ ಸಾಲದಾಗಿದೆ ಅಷ್ಟೇ. ಕಾಲಂ ತಲೆಯ ಬಲ ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅಗಲ ಮಾಡಿದಷ್ಟೂ ಹ್ಯಾಶ್ ಹೆಚ್ಚುತ್ತಾ ಹೋದರೆ ತಾರೀಖಿನ ಲೆಕ್ಕ ಮೈನಸ್‌ಗೆ ಹೋಗಿದೆ ಅಂತ.

#ನೇಮ್? ಬಂದರೆ ಫಂಕ್ಷನ್ ಹೆಸರಿನ ಸ್ಪೆಲ್ಲಿಂಗ್ ನೋಡಿ, ಪಠ್ಯದ ಸುತ್ತ ಕೋಟ್ ಇದೆಯಾ ನೋಡಿ. ಬೇರೆಲ್ಲಿಂದಲೋ ಕಾಪಿ ಮಾಡಿದ ಫಾರ್ಮುಲಾದಲ್ಲಿ ಬಾಗಿದ ಕೋಟ್‌ಗಳಿದ್ದರೆ ಅಳಿಸಿ ನೇರ ಕೋಟ್ ಹಾಕಿ. #ಡಿವ್/0! ಅಂದರೆ ಸೊನ್ನೆಯಿಂದ ಅಥವಾ ಖಾಲಿ ಸೆಲ್ಲಿನಿಂದ ಭಾಗಿಸುತ್ತಿದ್ದೀರಿ. #ರೆಫ್! ಅಂದರೆ ಫಾರ್ಮುಲಾ ನೆಚ್ಚಿಕೊಂಡಿದ್ದ ಸಾಲನ್ನೋ ಕಾಲಂ ಅನ್ನೋ ಯಾರೋ ಡಿಲೀಟ್ ಮಾಡಿದ್ದಾರೆ. ತಡಮಾಡದೆ ಕಂಟ್ರೋಲ್ ಝಡ್ ಒತ್ತಿ. ಫೈಲ್ ಮುಚ್ಚಿಬಿಟ್ಟರೆ ಆ ಜಾಗದಲ್ಲಿ ಮುಂಚೆ ಏನಿತ್ತು ಅಂತ ಫಾರ್ಮುಲಾಗೂ ನೆನಪಿರುವುದಿಲ್ಲ.

#ವ್ಯಾಲ್ಯೂ! ಸ್ವಲ್ಪ ಆಟ ಆಡಿಸುತ್ತದೆ. =ಬಿ2+ಬಿ3 ಹಾಕಿದ್ದೀರಿ, ಬಿ3 ಖಾಲಿ ಇದೆ, ಆದರೂ ದೋಷ. ಬಿ3 ನಿಜವಾಗಿ ಖಾಲಿಯಾ? ಬಹಳ ಜನ ಸೆಲ್ ಅಳಿಸಲು ಡಿಲೀಟ್ ಬದಲು ಸ್ಪೇಸ್‌ಬಾರ್ ಒತ್ತುತ್ತಾರೆ. ಕಣ್ಣಿಗೆ ಖಾಲಿ, ಒಳಗೆ ಒಂದು ಸ್ಪೇಸ್. ಆ ಸೆಲ್ ಮೇಲೆ ಡಿಲೀಟ್ ಒತ್ತಿದರೆ ದೋಷ ಮಾಯ.

#ಎನ್/ಎ ಬರುವುದು ಸಾಮಾನ್ಯವಾಗಿ ವಿಲುಕಪ್‌ನಲ್ಲಿ, ಅಂದರೆ ಒಂದು ಪಟ್ಟಿಯಲ್ಲಿ ಹುಡುಕಿ ಆ ಸಾಲಿನ ಬೇರೆ ಕಾಲಂನಲ್ಲಿರುವುದನ್ನು ತಂದುಕೊಡುವ ಫಂಕ್ಷನ್‌ನಲ್ಲಿ. ಹುಡುಕಿದ್ದು ಸಿಗಲಿಲ್ಲ ಅಂತ ಅರ್ಥ. "ಅಲ್ಲೇ ಇದೆಯಲ್ಲಾ!" ಅನ್ನಿಸಿದಾಗ ಎರಡು ಸೆಲ್‌ಗಳನ್ನು ನೇರವಾಗಿ ಮುಖಾಮುಖಿ ಮಾಡಿ: =ಎ2=ಜಿ5. ಫಾಲ್ಸ್ ಬಂದರೆ ಒಂದು ಕಡೆ ಸ್ಪೇಸ್ ಇದೆ, ಇಲ್ಲವೇ ಒಂದು ಕಡೆ ಅಂಕಿ, ಇನ್ನೊಂದು ಕಡೆ ಪಠ್ಯ. ಮತ್ತೆ ಮೊದಲ ಭಾಗಕ್ಕೇ ಹೋಗಿ. ವಿಲುಕಪ್‌ನ ಕೊನೆಯಲ್ಲಿ ಫಾಲ್ಸ್ ಹಾಕುವುದನ್ನು ಮಾತ್ರ ಮರೆಯಬೇಡಿ. ಬಿಟ್ಟರೆ ಅದು ಹತ್ತಿರದ ಬೆಲೆ ಹುಡುಕುವ ವಿಧಾನಕ್ಕೆ ಹೋಗುತ್ತದೆ. ಪಟ್ಟಿ ಕ್ರಮವಾಗಿ ಇಲ್ಲದಿದ್ದರೆ ಬೇರೆ ಯಾರದ್ದೋ ಸಾಲಿನ ಉತ್ತರವನ್ನು ತಂದು ನಿಮ್ಮ ಮುಂದೆ ಇಡುತ್ತದೆ, ದೋಷದ ಚಿಹ್ನೆಯೂ ಇರುವುದಿಲ್ಲ.

ಈ ದೋಷಗಳನ್ನೆಲ್ಲ ಇಫ್‌ಎರರ್ (ದೋಷದ ಬದಲು ನೀವು ಹೇಳಿದ್ದನ್ನು ತೋರಿಸುವ ಫಂಕ್ಷನ್) ಹಾಕಿ ಮುಚ್ಚಿಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ಕಲಿಯುವ ಹಂತದಲ್ಲಿ ನನಗೆ ಅದು ಇಷ್ಟವಿಲ್ಲ. ಮೊದಲು ಕಾರಣ ತಿಳಿಯಲಿ, ಆಮೇಲೆ ಬೇಕಾದರೆ ಮುಚ್ಚಿ.

ಉದ್ದದ ಫಾರ್ಮುಲಾದಲ್ಲಿ ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗದಿದ್ದರೆ ಎಕ್ಸೆಲ್‌ನ ಫಾರ್ಮುಲಾ ಬಾರ್‌ನಲ್ಲಿ ಒಂದು ತುಂಡನ್ನಷ್ಟೇ ಸೆಲೆಕ್ಟ್ ಮಾಡಿ ಎಫ್9 ಒತ್ತಿ. ಆ ತುಂಡಿನ ಉತ್ತರ ಅಲ್ಲೇ ಕಾಣುತ್ತದೆ. ನೋಡಿದ ಮೇಲೆ ಎಸ್ಕೇಪ್ ಒತ್ತಿ. ಎಂಟರ್ ಒತ್ತಿದರೆ ಫಾರ್ಮುಲಾದ ಆ ತುಂಡು ಹೋಗಿ ಬರೀ ಅಂಕಿ ಉಳಿದುಬಿಡುತ್ತದೆ.

ತಾರೀಖು ಹೋಗಿ 45292 ಬಂತು

ಇದು ದೋಷವೇ ಅಲ್ಲ. ಶೀಟಿನ ಒಳಗೆ ತಾರೀಖು ಅಂದರೆ ದಿನಗಳ ಎಣಿಕೆ. ಎಕ್ಸೆಲ್‌ನಲ್ಲಿ 1900ರ ಜನವರಿ 1 ಅಂದರೆ 1. ಅಲ್ಲಿಂದ ಎಣಿಸುತ್ತಾ ಬಂದರೆ 2024ರ ಜನವರಿ 1 ಅಂದರೆ 45292. ಫಾರ್ಮ್ಯಾಟನ್ನು ಡೇಟ್ ಮಾಡಿದರೆ ತಾರೀಖು ವಾಪಸ್. ಈ ಎಣಿಕೆಯಲ್ಲಿ ಒಂದು ತಮಾಷೆಯ ತಪ್ಪೂ ಇದೆ. 1900 ಅಧಿಕ ವರ್ಷ ಅಲ್ಲ, ಆದರೂ ಎಕ್ಸೆಲ್ 1900ರ ಫೆಬ್ರವರಿ 29 ಇದೆ ಅಂತ ನಂಬುತ್ತದೆ. ಆಗ ಚಾಲ್ತಿಯಲ್ಲಿದ್ದ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಹಾಗೆ ಎಣಿಸುತ್ತಿತ್ತು, ಅದರ ಫೈಲುಗಳ ಜೊತೆ ಹೊಂದಲಿ ಅಂತ ಎಕ್ಸೆಲ್ ಕೂಡ ಆ ತಪ್ಪನ್ನು ಹಾಗೇ ಉಳಿಸಿಕೊಂಡಿತು.

ನಿಜವಾದ ತೊಂದರೆ ದಿನ ಮತ್ತು ತಿಂಗಳು ಅದಲು ಬದಲಾಗುವುದು. ಬೇರೆಯವರು ಕಳಿಸಿದ ಫೈಲ್ ತೆರೆದಿದ್ದೀರಿ. ತಾರೀಖಿನ ಕಾಲಂನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ನಿಂತಿವೆ. ಎಡಕ್ಕಿರುವುದನ್ನು ಗಮನಿಸಿ: 13/04, 25/06, 30/01. ಎಲ್ಲದರಲ್ಲೂ ದಿನ 12ಕ್ಕಿಂತ ಜಾಸ್ತಿ. ಆ ಕಂಪ್ಯೂಟರ್ ತಿಂಗಳನ್ನು ಮೊದಲು ಓದುವ ಸೆಟ್ಟಿಂಗ್‌ನಲ್ಲಿದೆ. 13ನೇ ತಿಂಗಳು ಇಲ್ಲದ ಕಾರಣ ಅವನ್ನು ಪಠ್ಯ ಅಂತ ಬಿಟ್ಟಿತು. ಬಲಕ್ಕೆ ನಿಂತ 05/04 ಮಾತ್ರ ಏಪ್ರಿಲ್ 5 ಆಗುವ ಬದಲು ಮೇ 4 ಆಗಿಹೋಗಿದೆ. ಅಂದರೆ ಸರಿ ಕಾಣುವವೇ ಕೆಟ್ಟಿರುವುದು! ಇದನ್ನು ಒಂದೊಂದಾಗಿ ತಿದ್ದಲು ಹೋಗಬೇಡಿ, ಅರ್ಧಕ್ಕೆ ಬಂದಾಗ ಯಾವುದನ್ನು ತಿದ್ದಿದ್ದೀರಿ, ಯಾವುದನ್ನು ತಿದ್ದಿಲ್ಲ ಅಂತ ನಿಮಗೇ ಗೊತ್ತಾಗುವುದಿಲ್ಲ. ಮೂಲ ಫೈಲನ್ನು ಡೇಟಾ ಮೆನುವಿನಿಂದ ಮತ್ತೆ ತರಿಸಿ, ತಾರೀಖಿನ ಕಾಲಂಗೆ ದಿನ, ತಿಂಗಳು, ವರ್ಷ ಎಂಬ ಕ್ರಮ ಹೇಳಿ.

ನೀವು ತಾರೀಖು ಬರೆಯದಿದ್ದರೂ ಶೀಟ್ ತಾನೇ ಊಹಿಸಿಕೊಳ್ಳುವುದೂ ಉಂಟು. 5-3 ಅಂತ ಬರೆದರೆ ತಾರೀಖು ಮಾಡಿಬಿಡುತ್ತದೆ. ವಿಜ್ಞಾನಿಗಳೂ ಇದಕ್ಕೆ ಸೋತಿದ್ದಾರೆ. ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದ ಜೀನ್‌ಗಳನ್ನು ಶೀಟುಗಳು ಪದೇ ಪದೇ ತಾರೀಖು ಮಾಡುತ್ತಿದ್ದುದರಿಂದ, ಹೆಸರಿಡುವ ಸಮಿತಿ 2020ರಲ್ಲಿ ಇಂಥ ಗೊಂದಲಕ್ಕೆ ದಾರಿಯಾಗುವ ಹೆಸರುಗಳನ್ನು ಬದಲಿಸಲು ಹೊಸ ನಿಯಮ ತಂದಿತು. ನಿಮಗೆ ಅಷ್ಟು ಬೇಡ. ಟೈಪ್ ಮಾಡುವ ಮೊದಲೇ ಕಾಲಂನ ಫಾರ್ಮ್ಯಾಟನ್ನು ಟೆಕ್ಸ್ಟ್ ಮಾಡಿ, ಅಥವಾ ಮುಂದೆ ಒಂಟಿ ಕೋಟ್ ಹಾಕಿ. ಮೊದಲಿಗೆ ಸೊನ್ನೆ ಬರುವ ನಂಬರುಗಳಿಗೂ ಇದೇ ಮದ್ದು. 16 ಅಂಕಿಯ ಕಾರ್ಡ್ ನಂಬರಿನಂಥವಕ್ಕಂತೂ ಇದು ಬೇಕೇ ಬೇಕು. ಎಕ್ಸೆಲ್ 15 ಅಂಕಿಗಳನ್ನಷ್ಟೇ ಇಟ್ಟುಕೊಂಡು ಮುಂದಿನದನ್ನು ಸೊನ್ನೆ ಮಾಡುತ್ತದೆ, ಹೋದ ಅಂಕಿ ಮತ್ತೆ ಸಿಗುವುದಿಲ್ಲ.

ಸಾರ್ಟ್ ಮಾಡಿದ ಮೇಲೆ ಹೆಸರು ಒಬ್ಬರದು, ಅಂಕ ಇನ್ನೊಬ್ಬರದು

ಒಂದೇ ಕಾಲಂ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದಾಗ, ಅಥವಾ ಪಟ್ಟಿಯ ನಡುವೆ ಖಾಲಿ ಕಾಲಂ ಇದ್ದಾಗ ಹೀಗಾಗುತ್ತದೆ. ಕಂಟ್ರೋಲ್ ಝಡ್ ಒಂದೇ ದಾರಿ. ಸೇವ್ ಮಾಡಿ ಮುಚ್ಚಿದ್ದರೆ ಹಳೆಯ ಕಾಪಿ ಹುಡುಕಿ. ಗೂಗಲ್ ಶೀಟ್ಸ್ ಆದರೆ ವರ್ಷನ್ ಹಿಸ್ಟರಿಯಲ್ಲಿ ಸಿಗುತ್ತದೆ. ಮುಂದಿನ ಸಲ ಸಾರ್ಟ್ ಮಾಡುವ ಮೊದಲು ಪಕ್ಕದ ಕಾಲಂನಲ್ಲಿ 1, 2, 3 ಅಂತ ಕ್ರಮಸಂಖ್ಯೆ ಹಾಕಿಡಿ, ಮೊದಲಿನ ಕ್ರಮಕ್ಕೆ ಮರಳಲು ಅದು ಬೇಕಾಗುತ್ತದೆ. ಪಟ್ಟಿಯೊಳಗಿನ ಒಂದು ಸೆಲ್ಲಿನಲ್ಲಿ ನಿಂತು, ಏನೂ ಸೆಲೆಕ್ಟ್ ಮಾಡದೆ ಸಾರ್ಟ್ ಒತ್ತುವುದೇ ಒಳ್ಳೆಯದು.

ಫೈಲ್ ತೆರೆದರೆ ಕನ್ನಡ ಹೋಗಿ ವಿಚಿತ್ರ ಅಕ್ಷರ

ಸಿಎಸ್‌ವಿ ಫೈಲನ್ನು (ಬೆಲೆಗಳ ನಡುವೆ ಅಲ್ಪವಿರಾಮ ಇಟ್ಟ ಸಾದಾ ಪಠ್ಯದ ಫೈಲ್) ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ತಲೆಬುಡ ಇಲ್ಲದ ಚಿಹ್ನೆಗಳು ಬರಬಹುದು. ಫೈಲ್ ಕೆಟ್ಟಿಲ್ಲ, ಎಕ್ಸೆಲ್ ಅದನ್ನು ತಪ್ಪು ಲಿಪಿಸಂಕೇತದಲ್ಲಿ ಓದಿದೆ. ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದರೆ ಆಗ ನಿಜವಾಗಿಯೂ ಕೆಡುತ್ತದೆ. ಖಾಲಿ ಶೀಟ್ ತೆರೆದು ಡೇಟಾ ಮೆನುವಿನಿಂದ ಆ ಫೈಲನ್ನು ತರಿಸಿ, ಫೈಲ್ ಆರಿಜಿನ್ ಎಂಬಲ್ಲಿ 65001, ಯುಟಿಎಫ್-8 ಆರಿಸಿ. ನೀವೇ ಫೈಲ್ ಕಳಿಸುವಾಗ ಸೇವ್ ಆ್ಯಸ್ ಪಟ್ಟಿಯಲ್ಲಿ ಬರೀ ಸಿಎಸ್‌ವಿ ಬೇಡ, ಸಿಎಸ್‌ವಿ ಯುಟಿಎಫ್-8 ಅಂತ ಬೇರೆ ಇದೆ, ಅದನ್ನು ಆರಿಸಿ. ಸಿಎಸ್‌ವಿಯಲ್ಲಿ ಫಾರ್ಮುಲಾ, ಬಣ್ಣ, ಉಳಿದ ಶೀಟುಗಳು ಯಾವುದೂ ಉಳಿಯುವುದಿಲ್ಲ ಎಂಬುದೂ ನೆನಪಿರಲಿ.

ಫೈಲಿನ ಬಗೆಯಿಂದಲೇ ಸಾಲುಗಳು ಕಾಣೆಯಾಗಬಹುದು. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ ಒಂದು ಶೀಟಿಗೆ 65,536 ಸಾಲು ಮಾತ್ರ. 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋದದ್ದು ಹಳೆಯ ಬಗೆಯ ಫೈಲಿಗೆ ಸಾಲುಗಳು ಹಿಡಿಸದೆ. ಪಟ್ಟಿ ಸರಿಯಾಗಿ 65,536ನೇ ಸಾಲಿಗೆ ನಿಂತಿದ್ದರೆ ಮೂಲವನ್ನು ಮತ್ತೆ ತೆರೆದು ನೋಡಿ.

ಇಷ್ಟೆಲ್ಲ ಮಾಡಿಯೂ ಸಿಗದಿದ್ದರೆ ಯಾರನ್ನಾದರೂ ಕೇಳಿ. ಕೇಳುವಾಗ ಫೈಲಿನ ಕಾಪಿ ಮಾಡಿ, ಹೆಸರು ನಂಬರುಗಳನ್ನು ಬದಲಿಸಿ, ತೊಂದರೆ ಇರುವ ಐದಾರು ಸಾಲು ಮಾತ್ರ ಉಳಿಸಿ ಕಳಿಸಿ. ಯಾವ ಸೆಲ್, ಏನು ಬರಬೇಕಿತ್ತು, ಏನು ಬಂತು, ಯಾವ ಪ್ರೋಗ್ರಾಂ ಅಂತ ಬರೆಯಿರಿ. ಹೀಗೆ ಸಾಲು ಕಡಿಮೆ ಮಾಡುತ್ತಾ ಹೋಗುವಾಗ ಎಷ್ಟೋ ಜನಕ್ಕೆ ತಪ್ಪು ತಾನಾಗಿ ಸಿಕ್ಕಿಬಿಡುತ್ತದೆ. ಫೋಟೋನೇ ಕಳಿಸುತ್ತೀರಾದರೆ ಮೊದಲು ಆ ಸೆಲ್ ಮೇಲೆ ಕ್ಲಿಕ್ ಮಾಡಿ, ಫಾರ್ಮುಲಾ ಬಾರ್ ಕಾಣುವ ಹಾಗೆ ತೆಗೆಯಿರಿ.